ಗರಗಸದ ಮೇಜು ತಂದು ನಾನು ಪಟ್ಟ ಪಾಡು

ಒಬ್ಬ ಮನುಷ್ಯ ತನ್ನ ಮನೆಗೆ, ತನ್ನ ಪಾಡಿಗೆ ತಾನು ಒಂದು ಸಾಮಾನು ತರೋಣ ಅಂತ ಹೊರಟರೆ ಸಾಕು, ದಾರಿಯಲ್ಲಿ ಸಿಕ್ಕವರೆಲ್ಲ ಸೇರಿ ಅವನ ಪಿತ್ತ ಕೆರಳಿಸುವುದು ನಮ್ಮ ಕಡೆ ನಡೆಯುತ್ತಲೇ ಇರುತ್ತದೆ. ಬೇರೆಯವರು ಇಂಥದ್ದನ್ನು ನಕ್ಕು ಮರೆಯುತ್ತಾರೆ. ನನಗೆ ಮರೆಯಲು ಆಗಿಲ್ಲ. ಅರವತ್ತರ ದಶಕದಲ್ಲಿ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಪಿ.ಜೆ. ಬಡಾವಣೆಯಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಹೆಂಡತಿ, ಮಕ್ಕಳು. ಆಗ ನನಗೆ ಸಣ್ಣದೊಂದು ಗರಗಸದ ಮೇಜು ಕೊಳ್ಳುವ ಆಸೆ ಹುಟ್ಟಿತು. ಇಷ್ಟೇ ನಾನು ಮಾಡಿದ ಅಪರಾಧ. ಮುಂದಿನದನ್ನು ಓದಿ ನೀವು ನಕ್ಕರೆ ನಗಿ. ನನಗಂತೂ ಈಗಲೂ ಮೈ ಉರಿಯುತ್ತದೆ.

ಬಡಗಿಯ ಕಪಾಟು

ಇದಕ್ಕೆಲ್ಲ ಮೂಲ ಒಬ್ಬ ಬಡಗಿ. ಅಡುಗೆ ಮನೆಯಲ್ಲಿ ಡಬ್ಬಿ ಇಡಲು ಜಾಗ ಇಲ್ಲ, ಒಂದು ಕಪಾಟು ಮಾಡಿಸಿ ಅಂತ ಹೆಂಡತಿ ಹೇಳಿದಳು. ಬಡಗಿಯನ್ನು ಕರೆಸಿದೆ. ಬಂದ, ಗೋಡೆ ಅಳೆದ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಏನೋ ಗೀಚಿಕೊಂಡ, ನಾನು ತಂದಿಟ್ಟಿದ್ದ ಒಳ್ಳೆಯ ಸಾಗುವಾನಿ ಹಲಗೆಗಳನ್ನು ಹೊತ್ತುಕೊಂಡು ಹೋದ. ದೀಪಾವಳಿಗೆ ಕೊಡುತ್ತೇನೆ ಅಂದವನು ಯುಗಾದಿಗೆ ಬಂದ. ಕಪಾಟೇನೋ ಚೆನ್ನಾಗಿಯೇ ಇತ್ತು. ಆದರೆ ಅಡುಗೆ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲ. ನೆಟ್ಟಗೆ ತಳ್ಳಿದೆವು, ಅಡ್ಡ ಮಾಡಿದೆವು, ತಲೆಕೆಳಗು ಮಾಡಿದೆವು. ಊಹೂಂ.

"ಬಾಗಿಲು ಭಾಳ ಸಣ್ಣದಾತು ಬಿಡ್ರಿ" ಅಂದ ಬಡಗಿ. "ಯಾವ ದಡ್ಡ ಮಾಡಿದ್ನೋ ಏನೋ."

ಒಳಗಿನಿಂದ ನನ್ನ ಹೆಂಡತಿ, "ಈ ಮನೆ ಕಟ್ಟಿದಾಗ ಬಾಗಿಲೆಲ್ಲ ನೀನೇ ಮಾಡಿದ್ದಂತೆ, ಮಾಲೀಕರು ಹೇಳಿದ್ರಪ್ಪ" ಅಂದಳು.

ಬಡಗಿ ಚೌಕಟ್ಟನ್ನು ಒಮ್ಮೆ ಸವರಿ ನೋಡಿದ. ಗುರುತು ಸಿಕ್ಕಿರಬೇಕು. ಸ್ವಲ್ಪವೂ ಅಳುಕದೆ ನನ್ನ ಕಡೆ ತಿರುಗಿ ಹೇಳಿದ: "ಆವಾಗ ನಿಮ್ಮ ಹತ್ರ ಕಪಾಟು ಎಲ್ಲಿತ್ರಿ?"

ಅಂಗಡಿಯ ಸಾಹುಕಾರರು

ಅವತ್ತೇ ಶಪಥ ಮಾಡಿದೆ. ಇನ್ನು ಮೇಲೆ ಮನೆಯ ಮರಗೆಲಸ ನನ್ನದೇ. ಕೈಗರಗಸ ತಂದು ಶುರು ಮಾಡಿದೆ. ಆದರೆ ನಾನು ಕೊಯ್ದ ಹಲಗೆ ಒಂದು ಕಡೆ ಮೊಳ, ಇನ್ನೊಂದು ಕಡೆ ಗೇಣು ಆಗುತ್ತಿತ್ತು. ಗಿರಣಿಯ ವಾಚನಾಲಯಕ್ಕೆ ಬರುತ್ತಿದ್ದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಆಗ ಒಂದು ಚಿತ್ರ ನೋಡಿದೆ. ಸ್ಟೂಲಿನಷ್ಟು ಎತ್ತರದ ಕಬ್ಬಿಣದ ಮೇಜು. ನಡುವೆ ಒಂದು ಸೀಳು. ಆ ಸೀಳಿನಿಂದ ಹಲ್ಲಿನ ಚಕ್ರ ಅರ್ಧ ಮೇಲೆ ಬಂದಿದೆ. ಕೆಳಗೆ ಮೋಟಾರು. ಹಲಗೆಯನ್ನು ಮೇಜಿನ ಮೇಲಿಟ್ಟು ದೂಡಿದರೆ ಸಾಕು, ಗೆರೆ ಎಳೆದಂತೆ ಕೊಯ್ಯುತ್ತದೆ. ಮನೆಯಿಂದ ಅಂಗಳಕ್ಕೆ, ಅಂಗಳದಿಂದ ಮನೆಗೆ ಎತ್ತಿಡಬಹುದು. ನನಗೆ ಬೇಕಾದದ್ದು ಇದೇ. ಆದರೆ ಬೆಲೆ ಗುಮಾಸ್ತನ ಕೈಗೆಟುಕುವಂತಿರಬೇಕು.

ಪೇಟೆಯ ದೊಡ್ಡ ಕಬ್ಬಿಣದ ಅಂಗಡಿಗೆ ಹೋದೆ. ಗಾದಿಯ ಮೇಲೆ ಕೂತಿದ್ದ ಸಾಹುಕಾರರಿಗೆ ಕೈ ಬಾಯಿ ಎರಡರಲ್ಲೂ ವಿವರಿಸಿದೆ.

"ಮೇಜು ಇರಬೇಕು?" ಅಂದರು.

"ಹೌದ್ರಿ."

"ಚಕ್ರ ತಿರುಗಬೇಕು?"

"ಅದೇ, ಅದೇ."

"ಮನೆಯಾಗೆ ಇಟ್ಕಳ್ಳಂಗಿರಬೇಕು?"

"ಹೌದ್ರಿ!"

"ಐತೆ, ಕೂಡ್ರಿ" ಅಂತ ಒಳಗೆ ಕೂಗಿದರು. ಆಳು ಹೊತ್ತು ತಂದದ್ದು ಹೊಲಿಗೆ ಮಿಷನ್ನು.

"ಇದು ಮರ ಕೊಯ್ಯಲ್ಲಲ್ರೀ!" ಅಂದೆ.

"ಯಾಕ ಕೊಯ್ಬೇಕು? ಹೊಲಿತೈತಲ್ಲ" ಅಂದರು. "ಕೊಯ್ಯೋ ಸಾಮಾನು ಊರ ತುಂಬ ಅದಾವು. ಹೊಲಿಯೋದು ಅಪರೂಪ."

ನಾನು ಎದ್ದು ದಡದಡ ಮನೆಗೆ ಬಂದೆ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಾರನೇ ದಿನ ನನ್ನ ಹೆಂಡತಿ ಪೇಟೆಗೆ ಹೋದಾಗ ಅದೇ ಸಾಹುಕಾರರು ಕರೆದು, "ತಂಗ್ಯವ್ವ, ನಿನ್ನೆ ನಿಮ್ಮ ಯಜಮಾನ್ರು ಬಂದು ಹೊಲಿಗೆ ಮಿಷನ್ ನೋಡಿ ಹೋದ್ರು. ಇನ್ನಾ ನಿಮಗೆ ಹೇಳಿಲ್ಲೇನು?" ಅಂದರಂತೆ. ಸಂಜೆ ನಾನು ಬರುವ ಹೊತ್ತಿಗೆ ಖಾರ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ, ತುಪ್ಪದ ಹೋಳಿಗೆ, ಎಲ್ಲ ಸಾಲಾಗಿ ಕಾದಿದ್ದವು. ಕಾರಣ ಗೊತ್ತಿಲ್ಲದೆ ಹೊಟ್ಟೆ ತುಂಬ ತಿಂದೆ. ತಿಂದಾದ ಮೇಲೆ ಹೆಂಡತಿ ನಾಚಿಕೊಂಡು ಕೇಳಿದಳು: "ಯಾವತ್ತು ತರ್ತೀರಿ?" ನಿಜ ಹೇಳಿದೆ. ಆಮೇಲಿನ ವಾರವೆಲ್ಲ ನನಗೆ ಬರೀ ರೊಟ್ಟಿ, ಅದರ ಜೊತೆಗೆ ನಂಚಿಕೊಳ್ಳಲು ಅವಳ ಮೌನ.

ಹರಿಹರದಲ್ಲಿ ಪರೀಕ್ಷೆ

ಹರಿಹರದ ಹತ್ತಿರ, ಗುತ್ತೂರಿನ ದಾರಿಯಲ್ಲಿ ಒಬ್ಬರು ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾರೆ, ಹಳೆಯ ಮೋಟಾರಿಗೆ ಮೇಜು ಕೂಡಿಸಿ ಕಡಿಮೆಗೆ ಕೊಡುತ್ತಾರೆ ಅಂತ ಗಿರಣಿಯ ಫಿಟ್ಟರ್ ಹೇಳಿದ. ರಜೆಯ ದಿನ ರೈಲು ಹತ್ತಿ ಹರಿಹರಕ್ಕೆ ಹೋದೆ. ಮಳೆಗಾಲ. ಕೈಯಲ್ಲಿ ಹೊಸ ಛತ್ರಿ ಇತ್ತು. ಮಾವನವರು ಕೊಟ್ಟದ್ದು, ಮರದ ಕೋಲಿನದು.

ವರ್ಕ್‌ಶಾಪಿನ ಮಾಲೀಕರು ಎಣ್ಣೆ ಕೈಯಲ್ಲೇ ನಮಸ್ಕಾರ ಮಾಡಿ ಒಳಗೆ ಕರೆದುಕೊಂಡು ಹೋದರು. ಮೊದಲು ತೋರಿಸಿದ ಮೇಜನ್ನು ಎತ್ತಲು ಎತ್ತು ಬೇಕಿತ್ತು. ಎರಡನೆಯದು ಹಗುರ, ಆದರೆ ಮುಟ್ಟಿದರೆ ಕರುವಿನ ಹಾಗೆ ಕಾಲು ನಡುಗಿಸುತ್ತಿತ್ತು. ಮೂರನೆಯದು ನನ್ನ ಮನಸ್ಸಿಗೆ ಬಂತು. ಒಬ್ಬನೇ ಎತ್ತಬಹುದು, ಅಲುಗುವುದಿಲ್ಲ, ಮನೆಯ ಕರೆಂಟಿನಲ್ಲೇ ಓಡುತ್ತದೆ. ನಾನು ಹುಷಾರಿನ ಮನುಷ್ಯ.

"ಹೆಂಗೆ ಕೊಯ್ತೈತೆ ತೋರಿಸ್ರಿ, ನೋಡದೆ ತಗಳ್ಳಲ್ಲ" ಅಂದೆ.

"ತೋರಿಸಾನ, ಅದಕ್ಕೇನಂತೆ" ಅಂತ ಸ್ವಿಚ್ಚು ಹಾಕಿದರು. ಚಕ್ರ ಸುಂಯ್ ಅಂತ ತಿರುಗತೊಡಗಿತು. ಆಮೇಲೆ ಅವರು ಅತ್ತ ಇತ್ತ ನೋಡಿದರು. ವರ್ಕ್‌ಶಾಪಿನ ತುಂಬ ಕಬ್ಬಿಣ. ಮರದ ಚೂರು ಒಂದೂ ಕಾಣಲಿಲ್ಲ. ಅವರ ಕಣ್ಣು ನಾನು ಕಂಕುಳಲ್ಲಿ ಇರುಕಿಕೊಂಡಿದ್ದ ಛತ್ರಿಯ ಮೇಲೆ ಬಿತ್ತು. ಏನು ಅಂತ ನನಗೆ ತಿಳಿಯುವುದರೊಳಗೆ ಛತ್ರಿ ಕಿತ್ತುಕೊಂಡು ಹಿಡಿಯ ಹತ್ತಿರ ಚಕ್ರಕ್ಕೆ ಕೊಟ್ಟುಬಿಟ್ಟರು. ಛರ್ರ್! ಹಿಡಿ ಒಂದು ಕೈಯಲ್ಲಿ, ಛತ್ರಿ ಇನ್ನೊಂದು ಕೈಯಲ್ಲಿ.

"ನೋಡ್ರಿ, ನೋಡ್ರಿ! ಬೆಣ್ಣಿ ಕೊಯ್ದಂಗೆ ಕೊಯ್ದೈತೆ. ಮುಟ್ಟಿ ನೋಡ್ರಿ ಬೇಕಾದ್ರೆ."

ಸಿಟ್ಟಿನಲ್ಲಿ ಮುಟ್ಟಿ ನೋಡಿದೆ. ನಿಜವಾಗಿಯೂ ಬಹಳ ನುಣ್ಣಗೆ ಕೊಯ್ದಿತ್ತು. ಕುಂದು ಹೇಳೋಣ ಅಂದರೆ ಅದಕ್ಕೂ ಎಡೆ ಇಲ್ಲ. ಕೊನೆಗೆ, "ಆಯ್ತು, ತಗೋತೀನಿ. ಆದ್ರೆ ನನ್ನ ಛತ್ರಿ ಹಾಳು ಮಾಡಿದ್ದಕ್ಕೆ ಬೆಲೆಯಾಗೆ ಕಡಿಮೆ ಮಾಡ್ಕೋಬೇಕು" ಅಂದೆ.

ಅವರಿಗೆ ನಿಜವಾಗಿ ನೋವಾಯಿತು. ಎದೆಯ ಮೇಲೆ ಕೈ ಇಟ್ಟುಕೊಂಡು, "ಏನ್ ಮಾತು ಅಂತ ಆಡ್ತೀರಿ! ಕೊಯ್ದು ಕೊಟ್ಟಿದ್ದಕ್ಕೆ ನಾನೇನು ನಿಮ್ಮನ್ನ ಕೂಲಿ ಕೇಳಿದೆನೇನ್ರಿ?" ಅಂದರು.

ಬಸ್ಸಿನ ಸೀಟು

ವಾಪಸು ಬರಲು ಬಸ್ಸು ಹಿಡಿದೆ. ಹಲ್ಲಿನ ಚಕ್ರ ಬಿಚ್ಚಿಸಿ ಗೋಣಿಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಮೇಜು ಕೈಯಲ್ಲಿ. ಕಂಡಕ್ಟರ್ ತಡೆದ.

"ಏನ್ರಿ ಅದು?"

"ಮೇಜು."

"ಮೇಜಾದ್ರೆ ಟಾಪಿಗೆ ಹಾಕ್ರಿ."

ಮಳೆ ಬರುತ್ತಿತ್ತು. ಮೋಟಾರು ನೆನೆದರೆ ಗತಿ ಏನು? "ಮೇಜಲ್ಲಪ್ಪ, ಮಿಷನ್ನು" ಅಂದೆ.

"ಮಿಷನ್ನಾದ್ರೆ ಬಸ್ಸಿಗೆ ಹತ್ತಿಸಂಗೇ ಇಲ್ಲ."

"ಹಂಗಾದ್ರೆ ಮೇಜೇ ಅಂತ ತಿಳ್ಕೊ."

ಈ ಜಗಳ ನಡೆಯುವಾಗಲೇ ಹಿಂದಿನಿಂದ ಜನ ನೂಕಿದರು. ನಾನೂ ನನ್ನ ಮೇಜೂ ಒಳಗೆ ಬಿದ್ದೆವು. ಸೀಟೆಲ್ಲ ತುಂಬಿತ್ತು. ಮೇಜನ್ನು ಕೆಳಗಿಟ್ಟು, ಟಿಕೆಟ್ ತಗೊಂಡು ತಿರುಗಿ ನೋಡಿದರೆ ಒಬ್ಬ ಅಜ್ಜಿ ಮೆಣಸಿನಕಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಆರಾಮಾಗಿ ಕೂತಿದ್ದಾಳೆ. ಮುದುಕಿ, ಪಾಪ, ಕೂರಲಿ ಅಂತ ಸುಮ್ಮನಾದೆ. ನನ್ನ ಮೇಜಿನ ಮೇಲೆ ಅಜ್ಜಿ. ನಾನು ಕಂಬಿ ಹಿಡಿದುಕೊಂಡು ದಾವಣಗೆರೆಯವರೆಗೂ ನಿಂತೇ ಬಂದೆ.

ಊರು ಬಂತು. "ಅಜ್ಜಿ, ಏಳಮ್ಮ, ನಾನು ಇಳೀಬೇಕು" ಅಂದೆ.

"ನೀ ಇಳಿಯಪ್ಪ. ನಾ ಮುಂದಿನ ಊರಿಗೆ ಹೋಗಾಕಿ."

"ಅಲ್ಲಮ್ಮ, ಇದನ್ನ ತಗೊಂಡು ಇಳೀಬೇಕು."

"ಏನು, ಸೀಟು ತಗೊಂಡು ಇಳೀತೀಯ?" ಅಜ್ಜಿ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡು ಕೂಗಿದಳು: "ಕಂಡಕ್ಟ್ರಪ್ಪಾ! ಇಲ್ಲೊಬ್ಬ ಬಸ್ಸಿನ ಸೀಟು ಕಿತ್ಕೊಂಡು ಹೊಂಟಾನೆ!"

ಬಸ್ಸೆಲ್ಲ ಎದ್ದು ನಿಂತಿತು. ಯಾರೋ ನನ್ನ ಅಂಗಿಯ ಹಿಂಭಾಗ ಹಿಡಿದುಕೊಂಡರು. ಇನ್ಯಾರೋ, "ಓದಿದೋರಂಗೆ ಕಾಣ್ತಾರೆ ಮತ್ತೆ" ಅಂದರು. ನಾನು ಕಂಡಕ್ಟರ್ ಕಡೆ ತಿರುಗಿ, "ನೀನಾದ್ರೂ ಹೇಳಪ್ಪ, ಹತ್ತುವಾಗ ನೋಡ್ಲಿಲ್ವಾ?" ಅಂದೆ. ಆ ಪುಣ್ಯಾತ್ಮ ಏನು ಮಾಡಿದ ಅಂತೀರಿ? "ತಡೀರಿ" ಅಂತ ಹೇಳಿ, ಬಸ್ಸಿನ ಸೀಟುಗಳನ್ನು ಒಂದು ತುದಿಯಿಂದ ಎಣಿಸಲು ಶುರು ಮಾಡಿದ.

ಪಕ್ಕದ ಮನೆಯವರ ಬೆಲ್ಲ

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಮೇಜು ಇಟ್ಟು ಸ್ವಿಚ್ಚು ಹಾಕಿದೆ. ಸಾಲುಮನೆಗಳ ರೇಡಿಯೋಗಳೆಲ್ಲ ಒಟ್ಟಿಗೆ ಗೊರ್ರ್ ಅಂದವು. ಮೊದಲು ಓಡಿ ಬಂದವರು ಎದುರು ಮನೆಯ ಹೆಡ್ ಮಾಸ್ತರರು. "ಇದು ಮನೆಯೋ, ಮರ ಕೊಯ್ಯೋ ಮಿಲ್ಲೋ? ಪೊಲೀಸಿಗೆ ಹೇಳ್ತೀನಿ!" ಅಂತ ಬೀದಿಯೆಲ್ಲ ಕೇಳುವ ಹಾಗೆ ಕೂಗಾಡಿದರು. ಮಾರನೇ ದಿನ ಬೆಳಗ್ಗೆ ಅದೇ ಮಾಸ್ತರರು ಮಂಚದ ಕಾಲು ಹೆಗಲ ಮೇಲೆ ಹೊತ್ತು ನನ್ನ ಬಾಗಿಲಲ್ಲಿ ನಿಂತಿದ್ದರು. "ಶಬ್ದ ಅಂಥದ್ದೇನೂ ಇಲ್ಲ ಬಿಡ್ರಿ. ಇದೊಂಚೂರು ಗಿಡ್ಡ ಮಾಡಿಕೊಡ್ರಿ."

ಅಲ್ಲಿಂದ ಬಂತು ನೋಡಿ ಮೆರವಣಿಗೆ. ಮಂಚದ ಕಾಲು, ಸ್ಟೂಲಿನ ಕಾಲು, ತೊಟ್ಟಿಲ ಕಾಲು. ನನ್ನ ಮನೆಯ ಒಂದು ಮಣೆ ಮಾಡಲು ಪುರುಸೊತ್ತಿಲ್ಲ, ಬೀದಿಯ ಕಾಲೆಲ್ಲ ನಾನೇ ಕೊಯ್ಯಬೇಕು. ಒಂದು ದಿನ ಪಕ್ಕದ ಮನೆಯಮ್ಮ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದರು. ನೋಡಿದರೆ ಪೆಂಟೆ ಬೆಲ್ಲ, ಇಡೀ ಅಚ್ಚು ಕಲ್ಲಾಗಿದೆ.

"ಗುಂಡುಕಲ್ಲಿಗೂ ಜಗ್ಗವಲ್ದು ಅಣ್ಣಾ. ಎರಡು ಹೋಳು ಮಾಡಿಕೊಡ್ರಿ, ಪಾಯಸಕ್ಕೆ ಇಟ್ಟೀನಿ."

ಆಗಲ್ಲಮ್ಮ ಅಂದೆ. ಕೇಳಲಿಲ್ಲ. ನಾನು ಒಳಗೆ ಮರದ ಚೂರು ಇಟ್ಟು ಬರುವಷ್ಟರಲ್ಲಿ ತಾವೇ ಸ್ವಿಚ್ಚು ಹಾಕಿ ಬೆಲ್ಲ ದೂಡಿಬಿಟ್ಟರು. ಆ ಬೆಲ್ಲ ಅರ್ಧ ಹೋಳಾಯಿತು, ಅರ್ಧ ನನ್ನ ಗೋಡೆಗೆ, ಒಗೆದು ಹಾಕಿದ್ದ ನನ್ನ ಪಂಚೆಗೆ, ನನ್ನ ಮುಖಕ್ಕೆ ಹಾರಿತು. ಬೀದಿಯ ಇರುವೆಗಳಿಗೆಲ್ಲ ಅವತ್ತು ನಮ್ಮನೆಯಲ್ಲೇ ಹಬ್ಬ. ಆ ತಾಯಿ ಉಳಿದ ಹೋಳುಗಳನ್ನು ಕೈಯಲ್ಲಿ ತೂಗಿ ನೋಡಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕೇಳಿದರು: "ಕಮ್ಮಿ ಆಗೈತಲ್ಲ. ಮಿಕ್ಕಿದ್ದು ನೀವೇ ಇಟ್ಕೊಂಡ್ರೇನು?"

ಮಾಲೀಕರ ಕಾಲು

ನಮ್ಮ ಮನೆಯ ಮಾಲೀಕರು ಇದ್ದದ್ದು ಆನಗೋಡಿನಲ್ಲಿ. ತಿಂಗಳಾಯಿತೆಂದರೆ ತಪ್ಪದೆ ಬಂದು ಬಾಡಿಗೆ ಒಯ್ಯುವವರು ಆ ಸಲ ಯಾಕೋ ಬಂದಿರಲಿಲ್ಲ. ನಾನು ಕಾರಣ ವಿಚಾರಿಸಲು ಹೋಗಲಿಲ್ಲ. ಒಂದು ಸಂತೆಯ ದಿನ ಅವರ ಮನೆಯಮ್ಮನವರು ಬಂದರು. ಚಹಾ ಕುಡಿದು, ಅಂಗಳದಲ್ಲಿದ್ದ ಮೇಜನ್ನು ನೋಡಿದರು.

"ನಿಮ್ಮ ಮಿಷನ್ ಸುದ್ದಿ ನಮ್ಮೂರಿಗೂ ಬಂದೈತ್ರಿ. ನಮ್ಮದೂ ಒಂದು ಕಾಲಿಂದು ಕೆಲಸ ಐತೆ. ಮಾಡಿಕೊಡ್ತೀರೇನು?"

ಮಾಲೀಕರ ಮನೆಯವರು. ಇಲ್ಲ ಅನ್ನಲಾದೀತೆ? "ಅದಕ್ಕೇನ್ರಿ, ಕಳಿಸ್ರಿ. ಎಷ್ಟು ಕಾಲು?" ಅಂದೆ.

"ಒಂದೇ ರೀ."

"ಒಂದೇ ಕೊಯ್ದ್ರೆ ಕುಂಟ್ತೈತ್ರಿ. ಇನ್ನೊಂದನ್ನೂ ಕೊಯ್ದು ಸಮ ಮಾಡಿಬಿಡ್ತೀನಿ."

ಅವರ ಮುಖ ಬಿಳಿಚಿತು. "ಬ್ಯಾಡ್ರಿ, ಬ್ಯಾಡ್ರಿ! ಇನ್ನೊಂದು ಗಟ್ಟಿ ಐತೆ."

"ಗಟ್ಟಿ ಇದ್ರೇನು? ನನ್ನ ಮಿಷನ್ನಿಗೆ ಗಟ್ಟಿ, ಮೆತ್ತಗೆ ಎಲ್ಲಾ ಒಂದೇ."

"ಅದರ ಕಾಟಕ್ಕೆ ಯಜಮಾನ್ರಿಗೆ ರಾತ್ರಿ ನಿದ್ದೀನೇ ಇಲ್ರಿ" ಅಂದರು.

"ಹಂಗಾದ್ರೆ ತಡ ಮಾಡಬ್ಯಾಡ್ರಿ. ಒಂದು ನಿಮಿಷದ ಕೆಲಸ. ಆಮೇಲೆ ಹಾಯಾಗಿ ಮಲಗ್ತಾರೆ" ಅಂತ ಧೈರ್ಯ ಹೇಳಿ ಕಳಿಸಿದೆ.

ಎರಡು ದಿನ ಬಿಟ್ಟು ಬಾಗಿಲಲ್ಲಿ ಜಟಕಾ ನಿಂತಿತು. ಮಂಚ ಇಳಿಸೋಣ ಅಂತ ಹೋದರೆ ಮಂಚ ಇಲ್ಲ. ಮಾಲೀಕರೇ ಹೆಂಡತಿಯ ಹೆಗಲು ಹಿಡಿದು ಇಳಿಯುತ್ತಿದ್ದಾರೆ. ಬಲಗಾಲಿಗೆ ಪಾದದಿಂದ ಮೊಳಕಾಲಿನವರೆಗೆ ಬಿಳಿ ಪ್ಲಾಸ್ಟರು! ಗಾಡಿಯಿಂದ ಬಿದ್ದು ಕಾಲು ಮುರಿದಿತ್ತಂತೆ. ಈಗ ಮೂಳೆ ಕೂಡಿದೆ, ಪ್ಲಾಸ್ಟರು ಬಿಚ್ಚಿಸಬೇಕು. ನಾನು ಬಾಯಿ ತೆರೆಯುವುದರೊಳಗೆ ಅವರು ನೆಟ್ಟಗೆ ಅಂಗಳಕ್ಕೆ ಬಂದು, ಕುರ್ಚಿ ಎಳೆದು ಕೂತು, ಕಾಲನ್ನು ಎತ್ತಿ ಮೇಜಿನ ಮೇಲೆ ಇಟ್ಟರು.

"ಹ್ಞೂ, ಕೊಯ್ರಿ."

ನಾನು ಎರಡೂ ಕೈ ಅಡ್ಡ ಹಿಡಿದೆ. "ಸ್ವಾಮೀ, ಇದು ಮರ ಕೊಯ್ಯೋದು! ಆಸ್ಪತ್ರೆಗೆ ಹೋಗ್ರಿ."

"ಆ ಡಾಕ್ಟ್ರು ಒಂದು ಕತ್ತರಿ ಹಿಡ್ಕೊಂಡು ಅರ್ಧ ದಿನ ಕಚಪಚ ಅನ್ನಿಸ್ತಾನೆ. ನಿಮ್ಮದು ದೊಡ್ಡದೈತೆ, ಲಗೂನ ಆಗ್ತೈತೆ."

"ಕಾಲು ಹೋದ್ರೆ ಏನ್ ಮಾಡ್ತೀರಿ?"

"ಮ್ಯಾಲಿನ ಸುಣ್ಣ ಅಷ್ಟೇ ಕೊಯ್ರಿ. ಒಳಗಿನ ಕಾಲು ಯಾಕ ಕೊಯ್ತೀರಿ? ಅಷ್ಟು ಅಳತಿ ಬರಾದಿಲ್ಲೇನು?"

"ಬರಾದಿಲ್ಲ!" ಅಂತ ಕಿರುಚಿದೆ. ಓಡಿ ಹೋಗಿ ಗೋಡೆಯ ಮೇಲಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಮಾಲೀಕರ ಕಣ್ಣು ಕೆಂಪಾಯಿತು. ಬೀದಿಯವರ ಕಾಲೆಲ್ಲ ಕೊಯ್ಯುತ್ತೀರಿ, ಮನೆ ಕೊಟ್ಟವನ ಕಾಲು ಬೇಡವೇ, ಇದು ಯಾವ ನ್ಯಾಯ ಅಂತ ರೇಗಿದರು. ನಾನೂ ಬಿಡಲಿಲ್ಲ. ಬೇಕಾದರೆ ಇವತ್ತೇ ಮನೆ ಖಾಲಿ ಮಾಡುತ್ತೇನೆ, ನಿಮ್ಮ ಕಾಲು ಮಾತ್ರ ಮುಟ್ಟುವುದಿಲ್ಲ ಅಂದೆ. ಬೀದಿಯೆಲ್ಲ ಕಾಂಪೌಂಡಿನ ಮೇಲೆ ಸಾಲಾಗಿ ನಿಂತು ನೋಡುತ್ತಿತ್ತು.

ಪಕ್ಕದಲ್ಲೇ ನಿಂತಿದ್ದ ಅಮ್ಮನವರು ಗಂಡನ ಕಾಲನ್ನು ಮೇಜಿನಿಂದ ಮೆಲ್ಲಗೆ ಇಳಿಸಿದರು. ಆಮೇಲೆ ನನ್ನ ಕಡೆ ನೋಡಿ, ಸೇರಿದ್ದ ಜನಕ್ಕೆಲ್ಲ ಕೇಳುವ ಹಾಗೆ ಹೇಳಿದರು:

"ನಡೀರಿ ಹೋಗಾನ. ಮೊನ್ನೆ ನನ್ನ ಮುಂದೆ ನಿಮ್ಮ ಎರಡೂ ಕಾಲು ಕೊಯ್ದು ಸಮ ಮಾಡ್ತೀನಿ ಅಂದೋರು, ಇವತ್ತು ಒಂದಕ್ಕೇ ಬೆವತು ನಿಂತಾರೆ!"