ಡ್ಯಾಂಡಿನಾಂಗ್ ಟ್ರೈನಿನ ಐರಿಶ್ ಧಾಟಿ

ಹೇಳಿದ ಸುಳ್ಳು ಚಿಕ್ಕದೇ, ಆದರೆ ಒಂದೇ ವಾರದಲ್ಲಿ ಅದಕ್ಕೆ ಗಡ್ಡಮೀಸೆ ಬಂದುಬಿಟ್ಟಿದೆಯಲ್ಲ ಎಂದು ಅನಘಾ ಬೆಳಿಗ್ಗೆ ಹಲ್ಲುಜ್ಜುತ್ತಾ ತನ್ನೊಳಗೇ ಒಪ್ಪಿಕೊಂಡಳು.

ಬಾಕ್ಸ್ ಹಿಲ್‌ನ ಪಬ್ಬಿನಲ್ಲಿ ಪ್ರತಿ ಭಾನುವಾರ ಐರಿಶ್ ಪಿಟೀಲಿನವರು ಸುತ್ತ ಕೂತು ನುಡಿಸುತ್ತಾರೆ. ಯಾವ ಧಾಟಿ ನುಡಿಸಿದರೂ ಅದನ್ನು ಯಾರಿಂದ ಕಲಿತದ್ದು ಎಂದು ಹೇಳುವುದು ಅಲ್ಲಿನ ಪದ್ಧತಿ. ಹೋದ ವಾರ ಅನಘಾ ನುಡಿಸಿದ್ದು ತಾನೇ ಕಟ್ಟಿದ ಧಾಟಿ. ಆದರೆ ಮೈಸೂರಿನಲ್ಲಿ ಪಿಟೀಲು ಪಾಠವಾದವಳು; ಹಿರಿಯರೆದುರು ‘ಇದು ನನ್ನ ರಚನೆ’ ಅನ್ನುವುದು ಕಾಲ ಮೇಲೆ ಕಾಲು ಹಾಕಿ ಕೂತಷ್ಟೇ ಅಧಿಕಪ್ರಸಂಗ. ನಾಚಿಕೊಂಡು, “ಐರಿಶ್ ನಾಡಿನ ಕ್ಲೇರ್ ಸೀಮೆಯ ಯಾರೋ ಅಜ್ಜ ಹೇಳಿಕೊಟ್ಟದ್ದು” ಅಂದುಬಿಟ್ಟಿದ್ದಳು.

ಇವತ್ತು ಅದನ್ನು ರೆಕಾರ್ಡ್ ಮಾಡಲು ಸಿಡ್ನಿಯಿಂದ ಹಿರಿಯ ಪಿಟೀಲುಗಾರ ಫಿನ್‌ಬಾರ್ ಬಂದಿದ್ದರು. ರೆಕಾರ್ಡಿನ ಮೇಲೆ ‘ಮೂಲ ಇಂಥ ಊರು’ ಎಂದು ಹಾಕಿಬಿಟ್ಟರೆ ಮುಗೀತು, ಆ ಧಾಟಿ ಇನ್ನೆಂದೂ ಅನಘಾಳದ್ದಲ್ಲ.

“ಕ್ಲೇರ್ ಅಲ್ವೇ ಅಲ್ಲ, ಇದು ಪಕ್ಕದ ಕೆರಿ ಸೀಮೇದು,” ಎಂದರು ಫಿನ್‌ಬಾರ್, ಅವಳು ನುಡಿಸಿ ಮುಗಿಸಿದ ಕೂಡಲೇ. “ನಮ್ಮಜ್ಜಿ ಹಸು ಕರೀತಾ ಇದನ್ನೇ ಗುನುಗ್ತಿದ್ರು.”

“ಹಾಗಾದ್ರೆ ಆ ಹಸುವನ್ನ ನಮ್ಮ ಕ್ಲೇರಿಂದ ಹೊಡ್ಕೊಂಡು ಹೋಗಿರ್ಬೇಕು!” ಎಂದರು ಗುಂಪಿನ ಯಜಮಾನ ಡೆಕ್ಲನ್.

ಅನಘಾಳ ಜೊತೆಗೆ ಬಂದಿದ್ದ, ಅವಳ ಬಾಡಿಗೆ ಮನೆಯ ಒಡತಿ ವೆರೋನಿಕಾ ಆಂಟಿ ಸುಮ್ಮನಿರುವವರಲ್ಲ. “ಎಂತ ಕೆರಿ, ಎಂತ ಕ್ಲೇರ್! ಇದು ನಮ್ಮ ಮಂಗಳೂರಿನದ್ದು. ನನ್ನ ಮದುವೆಯ ಹಿಂದಿನ ದಿನ ಶಾಸ್ತ್ರಕ್ಕೆ ತಲೆ ಮೇಲೆ ತೆಂಗಿನಹಾಲು ಹೊಯ್ಯುವಾಗ ಬ್ಯಾಂಡಿನವರು ಬಾರಿಸಿದ್ದು ಇದನ್ನೇ. ಇವರಿಗೆ ಹೇಳು ಮಾರಾಯ್ತಿ!”

ಮಾತಿಗೆ ಮಾತು ಬೆಳೆದು ಒಂದು ಬಿಯರ್ ಗ್ಲಾಸು ಫಿನ್‌ಬಾರರ ತೊಡೆಯ ಮೇಲೆ ಮಗುಚಿತು. ಅನಘಾಳ ಕಿವಿ ಬ್ಯಾಡಗಿ ಮೆಣಸಿನಕಾಯಿಯಾಯಿತು. ಕಮಾನನ್ನು ಸೌಟಿನ ಹಾಗೆ ಹಿಡಿದು ಎದ್ದು ನಿಂತಳು.

“ಅದು ನನ್ನದು! ಇಲ್ಲೇ ಡ್ಯಾಂಡಿನಾಂಗ್ ಟ್ರೈನಲ್ಲಿ ಕೂತು ನಾನೇ ಕಟ್ಟಿದ್ದು.”

ಅಷ್ಟು ಹೊತ್ತು ಕಾದಾಡುತ್ತಿದ್ದ ಮೂವರೂ ತಟ್ಟನೆ ಒಂದಾದರು.

“ಪಾಪ, ಚೆನ್ನಾಗಿರೋದೆಲ್ಲ ತನ್ನದೇ ಅನ್ಸೋ ವಯಸ್ಸು,” ಎಂದರು ಡೆಕ್ಲನ್.

“ನಿನ್ನದೇ ಆಗಿದ್ರೆ ಎರಡನೇ ಭಾಗ ತಪ್ಪು ನುಡಿಸ್ತಿದ್ಯಾ ಮಗೂ?” ಎಂದರು ಫಿನ್‌ಬಾರ್, ಪ್ಯಾಂಟು ಒರೆಸಿಕೊಳ್ಳುತ್ತಾ. “ಕೇಳು, ನಮ್ಮಜ್ಜಿ ಹೀಗೆ ಹಾಡ್ತಿದ್ರು.”

ಪಿಟೀಲೆತ್ತಿ ನುಡಿಸಿದರು. ಅವಳ ಧಾಟಿ ಸುಸ್ತಾಗಿ ಇಳಿಯುವ ಕಡೆ ಅವರದು ಹಗುರಾಗಿ ಮೇಲೆ ಹಾರಿತು. ಎಷ್ಟು ತಡಕಾಡಿದರೂ ಅವಳಿಗೆ ಸಿಗದೇ ಹೋಗಿದ್ದ ತಿರುವು ಅದೇ.

ಇನ್ನು ಸುಳ್ಳು ಹೇಳಲು ಅವಳಿಂದಾಗಲಿಲ್ಲ. “ಆ ತಿರುವು ಮಾತ್ರ ನನ್ನದಲ್ಲ ಅಂಕಲ್. ನನ್ನದಕ್ಕಿಂತ ಚೆನ್ನಾಗಿದೆ.”

ವೆರೋನಿಕಾ ಆಂಟಿ ಚಪ್ಪಾಳೆ ತಟ್ಟಿದರು. “ನೋಡಿ, ಅರ್ಧ ಒಪ್ಪಿಕೊಂಡಳು! ಉಳಿದರ್ಧ ಮನೆಗೆ ಹೋಗಿ ನಾನು ಬಾಯಿ ಬಿಡಿಸ್ತೇನೆ.”