ಮಾವನ ತಿದ್ದುಪಡಿ

ನಮ್ಮ ಸೋದರಮಾವ ಸ್ವರ್ಗಕ್ಕೆ ಹೋಗಿದ್ದಾರೆಂಬುದರಲ್ಲಿ ನನಗೆ ಸಂಶಯವಿಲ್ಲ. ಸಂಶಯವಿರುವುದು ಅಲ್ಲಿಯವರ ನೆಮ್ಮದಿಯ ಬಗ್ಗೆ. ಬಾಗಿಲಲ್ಲೇ ನಿಂತು, "ಒಳಗೆ ಬಿಡುವ ನಿಯಮ ಎಲ್ಲಿ ಬರೆದಿದೆ, ತೋರಿಸಿ. ಈ ಸಾಲಿನಲ್ಲಿ ಒಂದು 'ಅಥವಾ' ಬೇಕಿತ್ತಲ್ಲ" ಎಂದು ಕೇಳದೆ ಒಳಗೆ ಕಾಲಿಡುವ ಜೀವ ಅದಲ್ಲ. ಅವರ ಹಿಂದೆ ಸಾಲುಗಟ್ಟಿ ನಿಂತ ಪುಣ್ಯಾತ್ಮರ ಪಾಡು ಏನಾಗಿರಬಹುದು!

ಮಾವ ಕಾನೂನು ಓದಿ ಹೊನ್ನಾವರದ ಕೋರ್ಟಿನಲ್ಲಿ ವಕೀಲಿ ಶುರು ಮಾಡಿದವರು. ವಾದವನ್ನೇನೋ ಚೆನ್ನಾಗಿಯೇ ಮಾಡುತ್ತಿದ್ದರಂತೆ. ಆದರೆ ತಮ್ಮ ಕಕ್ಷಿದಾರನ ಪರ ವಾದ ಮುಗಿದ ಮೇಲೆ ಕೂತುಬಿಡಬೇಕಲ್ಲ? ಕೂರುತ್ತಿರಲಿಲ್ಲ. "ಎದುರು ಪಕ್ಷದವರು ಒಂದು ಮುಖ್ಯ ಮಾತು ಹೇಳಲು ಮರೆತರು, ಸ್ವಾಮಿ" ಎಂದು ಅದನ್ನೂ ತಾವೇ ಹೇಳಿಬಿಡುತ್ತಿದ್ದರು. ನ್ಯಾಯ ಎಂದರೆ ಎರಡೂ ಕಡೆಯದು ಎಂಬುದು ಅವರ ನಂಬಿಕೆ. ಹಳದೀಪುರದ ಕಕ್ಷಿದಾರನೊಬ್ಬ ತೋಟದ ಬೇಲಿಯ ವ್ಯಾಜ್ಯ ಸೋತು ಹೊರಗೆ ಬಂದವನು, "ವಕೀಲರೆ, ನೀವು ಒಳ್ಳೆಯವರು. ಮುಂದಿನ ಸಲ ಎದುರಿನವನ ವಕೀಲಿ ನೀವೇ ಹಿಡೀರಿ, ಆಗ ನಾ ಗೆಲ್ತೆ" ಎಂದನಂತೆ. ಅಲ್ಲಿಗೆ ಮಾವನ ವಕೀಲಿ ಮುಗಿಯಿತು.

ಕೋರ್ಟು ಕಳೆದುಕೊಂಡದ್ದನ್ನು ನಮ್ಮ ಲೂಥರನ್ ಕ್ರೈಸ್ತರ ಸಭೆ ಪಡೆದುಕೊಂಡಿತು. ಸಭೆಯೆಂದರೆ ಮಹಾ ದೊಡ್ಡದೇನಲ್ಲ. ಕುಮಟೆ, ಹೊನ್ನಾವರ, ಭಟ್ಕಳಗಳಲ್ಲಿ ಒಂದೊಂದು ಪುಟ್ಟ ಪ್ರಾರ್ಥನಾಲಯ, ಜೊತೆಗೆ ಹೊನ್ನಾವರದಲ್ಲಿ ಹಿಂದಿನ ಪರದೇಶದ ಪಾದ್ರಿಗಳು ಬಿಟ್ಟುಹೋದ ಒಂದು ಕಾಲೇಜು. ನಮ್ಮ ಕಡೆ ಕ್ರೈಸ್ತರು ಎಂದರೆ ಎಲ್ಲರಿಗೂ ಗೊತ್ತಿರುವುದು ಇಗರ್ಜಿಗೆ ಹೋಗುವ ಕೆಥೋಲಿಕರು. ನಾವು 'ಆ ಇನ್ನೊಂದು ಪಂಗಡದವರು'. ಆ ಇನ್ನೊಂದು ಪಂಗಡಕ್ಕೆ ಮಾವ ಕಾರ್ಯದರ್ಶಿಯಾದರು. ಆದವರು ಬೈಲಾ ಪುಸ್ತಕವನ್ನು ಕೈಗೆತ್ತಿಕೊಂಡರು. ಮತ್ತೆ ಕೆಳಗಿಡಲಿಲ್ಲ.

ತಿದ್ದುಪಡಿಯ ಚಟ ಸಭೆಯಲ್ಲಷ್ಟೇ ಇದ್ದರೆ ನಮಗೇನು ನಷ್ಟವಿತ್ತು? ಅದು ಮನೆಗೂ ಬಂತು. ಭಾನುವಾರ ಯಾವ ಮೀನು ತರಬೇಕೆಂಬುದನ್ನು ಶನಿವಾರವೇ ಬಹುಮತದಿಂದ ತೀರ್ಮಾನಿಸತಕ್ಕದ್ದು ಎಂದು ಮಾವ ಒಂದು ನಿಯಮ ಮಾಡಿದರು. ರಜೆಗೆ ಬಂದ ನಾವೆಲ್ಲ ಕೈಯೆತ್ತಿ ಕಾಣೆ ಮೀನು ಎಂದು ಠರಾವು ಪಾಸು ಮಾಡಿದೆವು. ಮಾರನೆಯ ಬೆಳಿಗ್ಗೆ ಮೀನಿನ ಹೆಂಗಸು ಬುಟ್ಟಿ ಇಳಿಸಿದರೆ ಒಳಗೆ ಬರೀ ಬಂಗಡೆ.

"ಠರಾವು ಆದದ್ದು ಕಾಣೆಗೆ" ಎಂದರು ಮಾವ.

"ನಿಮ್ಮ ಠರಾವು ಬಲೆಗೆ ತಿಳೀಬೇಕಲ, ಒಡೆಯ. ಬಲೆಗೆ ಬಿದ್ದದ್ದು ಬಂಗಡೆ" ಎಂದಳು ಆಕೆ.

ಅತ್ತೆ ಒಳಗಿನಿಂದ ಪಾತ್ರೆ ಹಿಡಿದು ಬಂದರು. "ಆತು, ಬಂಗಡೆನೇ ಹಾಕು. ನೀವು ತಿದ್ದುಪಡಿ ಅಂತ ಬರ್ಕೊಳ್ಳಿ." ಮಾವ ನಿಜಕ್ಕೂ ಒಳಗೆ ಹೋಗಿ ಬರೆದುಕೊಂಡರು!

ಇಂಥ ಮನುಷ್ಯನನ್ನು ನೋಡಿ ನಗುತ್ತಿದ್ದ ನಾನು, ಎಂಬತ್ತರ ದಶಕದ ಆರಂಭದಲ್ಲಿ ಅದೇ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಲು ಸೇರಿಕೊಂಡೆ. ಬೈಲಾ ನಗುವ ವಿಷಯವಲ್ಲ ಎಂದು ತಿಳಿದದ್ದು ಆಗ.

ನಮ್ಮ ಬೈಲಾದ ಪ್ರಕಾರ ಸಭೆಯ ಅಧ್ಯಕ್ಷರು ಮುಂದಿನವರು ಆರಿಸಿ ಬರುವ ತನಕ ಇರತಕ್ಕದ್ದು. ಚುನಾವಣೆಯನ್ನು ಕರೆಯತಕ್ಕವರೂ ಅಧ್ಯಕ್ಷರೇ. ಯಾವಾಗ ಕರೆಯಬೇಕು? ಅದನ್ನು ಬರೆಯಲು ಪರದೇಶದ ಪಾದ್ರಿಗಳು ಮರೆತಿದ್ದರು. ಹಾಗಾಗಿ ಕುಮಟೆಯ ನಿವೃತ್ತ ಪಾದ್ರಿಯೊಬ್ಬರು ಅಧ್ಯಕ್ಷರಾಗಿ ಕೂತವರು ಕೂತೇ ಇದ್ದರು. ಸಜ್ಜನರು, ಯಾರಿಗೂ ಗಟ್ಟಿಯಾಗಿ ಒಂದು ಮಾತು ಆಡಿದವರಲ್ಲ. ಆದರೆ ಕಾಲೇಜಿನ ಆಡಳಿತ ಮಂಡಳಿಗೂ ಅವರೇ ಅಧ್ಯಕ್ಷರು. ಪ್ರಾಚಾರ್ಯರನ್ನು ನೇಮಿಸುವವರೂ ಅವರೇ, ಕಳಿಸುವವರೂ ಅವರೇ. ಪ್ರಾಚಾರ್ಯರಿಗೆ ಮಂಡಳಿಯೊಳಗೆ ಪ್ರವೇಶವೇ ಇರಲಿಲ್ಲ. ಪಾಪ, ಅವರು ಹೊರಗಿನ ಬೆಂಚಿನಲ್ಲಿ ಕೂತು, ತಮ್ಮ ಕಾಲೇಜಿನ ಬಗ್ಗೆ ಒಳಗೆ ಏನು ತೀರ್ಮಾನವಾಯಿತೆಂದು ಚಹಾ ಕೊಟ್ಟು ಹೊರಬಂದ ಜವಾನನನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

ವಿಶ್ವವಿದ್ಯಾಲಯದ ತನಿಖಾ ಸಮಿತಿ ಬಂದು ಇದನ್ನೆಲ್ಲ ನೋಡಿತು. ಮಂಡಳಿಯಲ್ಲಿ ಪ್ರಾಚಾರ್ಯರೂ ಅಧ್ಯಾಪಕರೂ ಇರಬೇಕು, ಸಭೆಯ ಆಡಳಿತ ಬೇರೆ, ಕಾಲೇಜಿನದು ಬೇರೆ ಆಗಬೇಕು; ಇಲ್ಲದಿದ್ದರೆ ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಂತಿಲ್ಲ ಎಂದು ಹೇಳಿ ಹೋಯಿತು. ಗೇರುಸೊಪ್ಪೆಯಿಂದ ಬರುವ ಮಕ್ಕಳಿಗೆ ಇನ್ನೂ ದೂರ ಹೋಗುವ ಅನುಕೂಲವಿರಲಿಲ್ಲ. ಸಂಜೆಯೊಳಗೆ ಮನೆ ಸೇರಬಹುದೆಂಬ ಒಂದೇ ಧೈರ್ಯದಲ್ಲಿ ಭಟ್ಕಳದಿಂದ ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದ ಮನೆಗಳಿದ್ದವು. ಕಾಲೇಜು ಬಾಗಿಲು ಹಾಕಿದರೆ ಅವರ ಓದು ಅಲ್ಲಿಗೇ ನಿಂತಂತೆ. ನನ್ನ ಕೆಲಸದ ಮಾತು ಬಿಡಿ.

ಊರೆಲ್ಲ ಚಿಂತೆಯಲ್ಲಿದ್ದಾಗ ಮಾವನ ಮುಖ ಮಾತ್ರ ಮದುಮಗನ ಮುಖದಂತೆ ಹೊಳೆಯುತ್ತಿತ್ತು. ಕಡೆಗೂ ಒಂದು ನಿಜವಾದ ತಿದ್ದುಪಡಿ! ಊಟ ತಿಂಡಿ ಬಿಟ್ಟು ಬರೆದರು. ಕಾಲೇಜಿಗೆ ಬೇರೆಯೇ ಮಂಡಳಿ. ಅದರಲ್ಲಿ ಪ್ರಾಚಾರ್ಯರು, ಅಧ್ಯಾಪಕರ ಪ್ರತಿನಿಧಿ, ಜಾತಿ ಮತ ನೋಡದೆ ಊರಿನ ನಾಲ್ಕು ಮಂದಿ. ಸಭೆಯ ಪದಾಧಿಕಾರಿಗಳಿಗೆ ಗೊತ್ತಾದ ಅವಧಿ. ಎರಡು ಅವಧಿ ಮುಗಿಸಿದವರು, ಈಗಾಗಲೇ ಅಷ್ಟು ಕಾಲ ಕೂತವರೂ ಸೇರಿ, ಮತ್ತೆ ನಿಲ್ಲುವಂತಿಲ್ಲ.

"ಇದು ಅಧ್ಯಕ್ಷರಿಗೆ ಮಾತ್ರವಾ?" ಎಂದು ಅತ್ತೆ ಕೇಳಿದರು.

"ಎಲ್ಲ ಪದಾಧಿಕಾರಿಗಳಿಗೂ."

"ನೀವೂ ಪದಾಧಿಕಾರಿ ಅಲ್ದಾ?"

"ಹೌದು."

ಅತ್ತೆ, "ಹಾಗಾದ್ರೆ ದೇವರೇ ನನ್ನನ್ನ ಕಾಪಾಡ್ಬೇಕು. ಇಡೀ ದಿನ ಮನೆಯಲ್ಲೇ ಇರ್ತೀರಿ" ಎಂದರು.

ಮಹಾಸಭೆ ಭಟ್ಕಳದಲ್ಲಿ ಸೇರಿತು. ತಿದ್ದುಪಡಿಗೆ ಮೂರನೇ ಎರಡರಷ್ಟು ಮತ ಬೇಕಿತ್ತು. ಪ್ರಾಚಾರ್ಯರೂ ನಾನೂ ಹಿಂದಿನ ಬೆಂಚಿನಲ್ಲಿ ತಲೆ ಎಣಿಸುತ್ತ ಕೂತಿದ್ದೆವು. ಅಧ್ಯಕ್ಷರು ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಮಾವ ಠರಾವು ಮಂಡಿಸಿದ ಕೂಡಲೇ ಕುಮಟೆಯ ಹಂಚಿನ ವ್ಯಾಪಾರಿಯೊಬ್ಬರು ಎದ್ದು, "ಇದು ಅಧ್ಯಕ್ಷರನ್ನ ಇಳಿಸೂಕೆ ಮಾಡಿದ ಹುನ್ನಾರ" ಎಂದು ಹೇಳಿ, ಮುಂದೆ ಏನು ಹೇಳಬೇಕೆಂದು ತಿಳಿಯದೆ ಅದನ್ನೇ ಇನ್ನೊಮ್ಮೆ ಹೇಳಿ ಕೂತರು. ಭಟ್ಕಳದ ಆಸ್ಪತ್ರೆಯ ನರ್ಸಮ್ಮ ಎದ್ದು, "ಈ ಕಲಮು ನಿಮಗೂ ಲಾಗೂ ಆಗ್ತದಾ, ಕಾರ್ಯದರ್ಶಿಗಳೇ?" ಎಂದು ಕೇಳಿದರು. "ಮೊದಲು ನನಗೇ" ಎಂದರು ಮಾವ. ಸಭೆಯಲ್ಲಿ ಒಳ್ಳೆಯ ಗುಜುಗುಜು ಎದ್ದಿತು. ಗಾಳಿ ನಮ್ಮ ಕಡೆ ತಿರುಗಿತೆಂದು ನನಗೆ ಖಾತ್ರಿಯಾಯಿತು.

ಅಷ್ಟಕ್ಕೇ ಕೂರಬೇಕಲ್ಲ? ಮಾವ ಕೂರಲಿಲ್ಲ.

"ಅಧ್ಯಕ್ಷರ ಪರವಾಗಿ ಯಾರೂ ಸರಿಯಾಗಿ ಮಾತಾಡ್ಲಿಲ್ಲ. ಅದು ನ್ಯಾಯ ಅಲ್ಲ. ನಾನು ಮಾತಾಡ್ತೆ" ಎಂದು ಶುರು ಮಾಡಿಯೇಬಿಟ್ಟರು. ಪರದೇಶದವರು ಕೈಬಿಟ್ಟು ಹೋದಾಗ ಕಾಲೇಜಿನ ಗಂಟೆ ಒಂದು ದಿನವೂ ನಿಲ್ಲದಂತೆ ನೋಡಿಕೊಂಡವರು ಯಾರು, ಮಳೆಗಾಲದಲ್ಲಿ ಹಂಚಿನ ಮಾಡು ಸೋರಿದಾಗ ಹೊನ್ನಾವರದ ತಮ್ಮ ಅಂದಿನ ಮನೆಯ ಜಗಲಿಯಲ್ಲಿ ತರಗತಿ ನಡೆಸಿಕೊಟ್ಟವರು ಯಾರು, ಒಬ್ಬ ಅಧ್ಯಾಪಕನನ್ನೂ ಅನ್ಯಾಯವಾಗಿ ಹೊರಗೆ ಹಾಕದವರು ಯಾರು ಎಂದು ಒಂದೊಂದಾಗಿ ಹೇಳುತ್ತ ಹೋದರು. ಮುಂದಿನ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ನನಗೂ ಕಣ್ಣೀರು ಬಂತು, ಆದರೆ ಅದು ಬೇರೆ ಕಾರಣಕ್ಕೆ.

ಪ್ರಾಚಾರ್ಯರು ನನ್ನ ಕಡೆ ಬಾಗಿ, "ನಿಮ್ಮ ಮಾವನನ್ನ ಯಾರಾದ್ರೂ ಹಿಡಿದು ಕೂರಿಸ್ರಿ" ಎಂದು ಪಿಸುಗುಟ್ಟಿದರು.

ಮಾವ ಮುಗಿಸಿ ಕೂತಾಗ ಠರಾವು ಬಿದ್ದುಹೋಯಿತೆಂದೇ ನಾನು ತೀರ್ಮಾನಿಸಿದೆ. ಆಗ ಅಧ್ಯಕ್ಷರು ಮೇಜನ್ನು ಹಿಡಿದು ನಿಧಾನವಾಗಿ ಎದ್ದರು.

"ನಾನೇ ಮಾತಾಡಿದ್ರೂ ಇಷ್ಟು ಚಂದ ಆಗ್ತಿರ್ಲಿಲ್ಲ. ಈಗ ನಾನು ಅವರ ಪರವಾಗಿ ಮಾತಾಡ್ಬೇಕು" ಎಂದರು. "ಈ ಕುರ್ಚಿ ಹತ್ತೂದು ಹೇಗೆ ಅಂತ ಬೈಲಾದಲ್ಲಿ ಇತ್ತು. ಇಳಿಯೂದು ಹೇಗೆ ಅಂತ ಇರ್ಲಿಲ್ಲ. ಸುಮ್ಮನೆ ಇಳಿದ್ರೆ ಎಂತಕ್ಕೆ ಇಳಿದ್ರಿ ಅಂತ ಎಲ್ರಿಗೂ ಹೇಳ್ಬೇಕಾಗ್ತದೆ. ಇನ್ನು ಅವಧಿ ಮುಗೀತು ಅಂದ್ರೆ ಸಾಕಲ್ದಾ. ಈ ಠರಾವಿಗೆ ನನ್ನ ಅನುಮೋದನೆ ಇದೆ."

ಆಮೇಲೆ ಯಾರು ಕೈಯೆತ್ತದೆ ಉಳಿಯುತ್ತಾರೆ? ಹಂಚಿನ ವ್ಯಾಪಾರಿಯೂ ಎತ್ತಿದರು. ಪ್ರಾಚಾರ್ಯರು ಹಿಂದಿನ ಬೆಂಚಿನ ಮೇಲೆ ಗಾಳಿ ಹೋದ ಚೀಲದಂತೆ ಕುಸಿದು ಕೂತು, "ಒಂದು ಲೋಟ ನೀರು ಇದ್ರೆ ಕೊಡಿ" ಎಂದರು. ಚಹಾದ ಹೊತ್ತಿಗೆ ನರ್ಸಮ್ಮನೇ ಬಂದು ಅವರನ್ನು ಕೈಹಿಡಿದು ಮುಂದಿನ ಮೇಜಿಗೆ ಕರೆದುಕೊಂಡು ಹೋದರು. ಅಷ್ಟು ಹಗುರಾದ ಮನಸ್ಸಿನಿಂದ ನಾನು ಯಾವತ್ತೂ ಚಹಾ ಕುಡಿದದ್ದಿಲ್ಲ.

ಸಂಜೆ ಮಾವ, ಅಧ್ಯಕ್ಷರು, ನಾನು ಮೂವರೂ ಬಸ್‌ ನಿಲ್ದಾಣಕ್ಕೆ ಬಂದೆವು. ಬಸ್ಸು ಎದುರಿಗೇ ಬಂದು ನಿಂತಿತು. ಅಷ್ಟು ದೊಡ್ಡ ಅಕ್ಷರದ ಬೋರ್ಡು ಮುಖದ ಮುಂದೆಯೇ ಇದ್ದರೂ ಅಧ್ಯಕ್ಷರು, "ಯಾವ ಊರಿನದು?" ಎಂದು ಮೆಲ್ಲಗೆ ಕೇಳಿದರು. ಮಾವ ಅವರ ಮೊಣಕೈ ಹಿಡಿದು, "ಕುಮಟೆದೇ. ಮೆಟ್ಟಿಲು ಸ್ವಲ್ಪ ಎತ್ತರ ಇದೆ, ಬಲಗಾಲು ಇಡಿ" ಎಂದರು. ಇಬ್ಬರಿಗೂ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಅಧ್ಯಕ್ಷರ ಕಣ್ಣು ಹೋಗಿ ಬಹಳ ಕಾಲವಾಗಿದೆಯೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಆ ಮಾತು ಯಾರ ಬಾಯಿಗೂ ಬೀಳದಂತೆ ಅವರನ್ನು ಇಳಿಸಿಕೊಳ್ಳಬೇಕಿತ್ತು. ಅದಕ್ಕೆ ಮಾವ ತಾವೂ ಜೊತೆಗೆ ಇಳಿದಿದ್ದರು.

ನಾನು ಹಿಂದಿನ ಸೀಟಿನಲ್ಲಿ ಕೂತೆ. ಸೇತುವೆಯ ಮೇಲೆ ಬಸ್ಸಿನ ಸದ್ದು ಬದಲಾದಾಗ ಅಧ್ಯಕ್ಷರು, "ಶರಾವತಿ ಬಂತಾ?" ಎಂದರು.

"ಬಂತು. ಭರ್ತಿಯ ನೀರು. ಒಂದು ದೋಣಿ ಈಚೆ ದಡಕ್ಕೆ ಬರ್ತಾ ಇದೆ. ಒಳಗೆ ಇಬ್ಬರು ಹೆಂಗಸರು, ಒಂದು ಆಡು."

"ಆಡು ಕೂತಿದ್ಯಾ, ನಿಂತಿದ್ಯಾ?"

"ನಿಂತಿದೆ. ಕಿವಿ ಹಿಡಿದು ಕೂರಿಸ್ತಾ ಇದ್ದಾರೆ, ಕೂರೂದಿಲ್ಲ ಅಂತದೆ."

ಮುದುಕರು ಮೈ ಕುಲುಕಿಸಿ ನಕ್ಕರು. ನಾನೂ ಕಿಟಕಿಯಿಂದ ಬಾಗಿ ನೋಡಿದೆ. ದೋಣಿಯೇನೋ ಇತ್ತು. ಆಡು ಇರಲಿಲ್ಲ.

ಹೊನ್ನಾವರ ಬಂದಾಗ ಮಾವ ಏಳಲಿಲ್ಲ. "ನೀ ಇಳಿ. ಕುಮಟೆಗೆ ಹೋಗಿ ಬರ್ತೆ ಅಂತ ಅತ್ತೆಗೆ ಹೇಳು" ಎಂದರು. ಬಸ್ಸು ಹೊರಟಿತು. ಮಾವ ಕಿಟಕಿಯಾಚೆ ಕೈ ತೋರಿಸಿ ಮತ್ತೇನನ್ನೋ ಹೇಳತೊಡಗಿದ್ದರು. ಅಧ್ಯಕ್ಷರು ಅತ್ತ ಮುಖ ತಿರುಗಿಸಿ, ನೋಡುತ್ತಿರುವವರಂತೆ ತಲೆಯಾಡಿಸುತ್ತಿದ್ದರು.