ಬೆಟ್ಟದ ಸಿನಿಮಾದ ಕೂಸು

ತಿಪ್ಪೇಶನ ಎಡಗೆನ್ನೆಯ ಮೇಲೆ ಒಂದು ಮಚ್ಚೆಯಿತ್ತು. ಮೂವತ್ತು ವರ್ಷದ ಗಡ್ಡದೊಳಗೆ ಅದು ಯಾರ ತಂಟೆಗೂ ಹೋಗದೆ ತಣ್ಣಗೆ ಕೂತಿತ್ತು. ಆ ಶನಿವಾರ ಬೆಳಗ್ಗೆ ಅದನ್ನು ಹೊರಗೆ ತರಬೇಕಾಗಿ ಬಂದದ್ದೇ ಎಲ್ಲ ಪೇಚಾಟಕ್ಕೂ ಮೂಲ.

ಮಧುಗಿರಿಯ ಬಸ್ ನಿಲ್ದಾಣದಲ್ಲಿ "ಮಿಡಿಗೇಶಿ, ಪಾವಗಡ, ಪಾವಗಡ!" ಎಂದು ಕೂಗಿ ಖಾಸಗಿ ಬಸ್ಸುಗಳಿಗೆ ಜನ ಹತ್ತಿಸುವುದು ತಿಪ್ಪೇಶನ ಕೆಲಸ. ಆದರೆ ಊರಿಗೆಲ್ಲ ಅವನು ಸಿನಿಮಾ ತಿಪ್ಪೇಶ. ಐವತ್ತು ವರ್ಷದ ಹಿಂದೆ ಬೆಟ್ಟದ ಬುಡದಲ್ಲಿ ರಾಜರ ಕತೆಯ ಸಿನಿಮಾವೊಂದರ ಶೂಟಿಂಗ್ ನಡೆದಿತ್ತು. ಬಡ ತಾಯಿಯೊಬ್ಬಳು ಕೂಸನ್ನೆತ್ತಿ ರಾಜನಿಗೆ ತೋರಿಸುವ ದೃಶ್ಯಕ್ಕೆ ಅವನ ತಾಯಿ ನಾಗರತ್ನಮ್ಮನನ್ನು ನಿಲ್ಲಿಸಿದ್ದರು. ಕೈಯಲ್ಲಿದ್ದದ್ದು ಐದು ತಿಂಗಳ ತಿಪ್ಪೇಶ. ಸಿನಿಮಾ ಸಿರಾದ ಟೆಂಟಿನಲ್ಲಿ ನಾಲ್ಕು ದಿನ ಓಡಿ ಮಾಯವಾಯಿತು. ನೋಡಿ ಬಂದ ಮಧುಗಿರಿಯವರು "ಅಗೋ ನಮ್ ಬೆಟ್ಟ!" ಎಂದು ಶಿಳ್ಳೆ ಹೊಡೆಯುವುದರಲ್ಲಿ ಬೇರೇನನ್ನೂ ನೋಡಿರಲಿಲ್ಲ. ತಿಪ್ಪೇಶನಂತೂ ಆ ಸಿನಿಮಾ ನೋಡಿಯೇ ಇಲ್ಲ. ಆದರೂ ಹೋಟೆಲಿನಲ್ಲಿ ಮೊದಲ ಕಾಫಿ ಅವನಿಗೇ ಬರುತ್ತಿತ್ತು. ಅವನಿಗೆ ಹೆಣ್ಣು ಸಿಕ್ಕಿದ್ದೂ ಅದರಿಂದಲೇ. "ಸಿನಿಮಾದೋನು ಅಂತ ನಮ್ಮಪ್ಪ ಕೊಟ್ಟ, ಬಂದು ನೋಡಿದ್ರೆ ಬಸ್ ಕೂಗೋನು" ಎಂದು ಹೆಂಡತಿ ಮಂಜುಶ್ರೀ ವಾರಕ್ಕೊಮ್ಮೆಯಾದರೂ ನೆನೆಸಿಕೊಳ್ಳುತ್ತಿದ್ದಳು.

ಈಗ ಸಿರಾದ ಇಸ್ರಾರ್ ತನ್ನ ಅಟ್ಟದಲ್ಲಿ ಆ ಸಿನಿಮಾದ ರೀಲು ಪತ್ತೆ ಮಾಡಿದ್ದ. ಟೆಂಟ್ ನಡೆಸುತ್ತಿದ್ದ ತಂದೆ ಬಿಟ್ಟುಹೋದ ಡಬ್ಬ. ಸಿನಿಮಾಕ್ಕೆ ಐವತ್ತು ತುಂಬಿದ ನೆನಪಿಗೆ ಸಂಜೆ ಆರಕ್ಕೆ ಕಲ್ಯಾಣ ಮಂಟಪದಲ್ಲಿ ಪ್ರದರ್ಶನ, ಜೊತೆಗೆ ಕೂಸಿಗೆ ಶಾಲು ಹೊದಿಸಿ ಸನ್ಮಾನ ಎಂದು ನಿಗದಿಯಾಗಿತ್ತು.

"ಲೇ ತಿಪ್ಪೇಶ, ಒಂದು ತೊಡಕೈತೆ ಕಣ್ಲಾ" ಎನ್ನುತ್ತ ಬೆಳಗ್ಗೆಯೇ ನಿಲ್ದಾಣಕ್ಕೆ ಬಂದವನು ರುದ್ರಮುನಿ. ಪಾತ್ರೆ ಅಂಗಡಿಯವನು, ತಿಪ್ಪೇಶನ ಓರಗೆಯವನು, ಪಕ್ಕದ ಮನೆಯಲ್ಲೇ ಬೆಳೆದವನು. ಊರಿನ ಯಾವ ಸಮಾರಂಭಕ್ಕೂ ಅವನೇ ಅಧ್ಯಕ್ಷ. ಮಾತಾಡುವಾಗ ಬಲಗೈ ಎತ್ತುತ್ತಾನೆ. ಆಗ ಅದರ ಆರನೆಯ ಬೆರಳು ಉಪಾಧ್ಯಕ್ಷನ ಹಾಗೆ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತದೆ.

"ಏನ್ ತೊಡಕು?"

"ಪುರವರದ ಪ್ರಭುದೇವ ಫೋನ್ ಮಾಡಿದ್ದ. ಆ ಕೂಸು ತಾನೇ, ಶೂಟಿಂಗಿನಾಗೆ ನಿಮ್ಮವ್ವನ ಕೈಗೆ ಕೊಟ್ಟಿದ್ದು ತನ್ನನ್ನೇ ಅಂತಾನೆ. ಶಾಲು ಇರೋದು ಒಂದೇ. ನಿನ್ ಹತ್ರ ಏನ್ ಗುರ್ತೈತೆ?"

"ನಮ್ಮವ್ವನ್ನೇ ಕೇಳು!"

"ಯಾವ ತಾಯಿ ತನ್ ಮಗ ಅಲ್ಲ ಅಂತಾಳೆ? ಗುರ್ತು ಬೇಕಪ್ಪ, ಗುರ್ತು."

ತಿಪ್ಪೇಶನಿಗೆ ಮಚ್ಚೆ ನೆನಪಾದದ್ದು ಆಗ. ಬಸ್ಸನ್ನು ಅಲ್ಲೇ ಬಿಟ್ಟು ಸಣ್ಣರಂಗಯ್ಯನ ಕ್ಷೌರದಂಗಡಿಗೆ ಓಡಿದ.

ಸಣ್ಣರಂಗಯ್ಯನಿಗೆ ಕೈಗಿಂತ ಕುತೂಹಲ ಚುರುಕು. "ಅಲ್ಲಾ ತಿಪ್ಪೇಶಣ್ಣ, ರಾಜನ್ನ ನೋಡಿ ನೀನು ಅತ್ಯೋ, ನಕ್ಯೋ?"

"ಐದು ತಿಂಗಳ ಕೂಸಿಗೆ ನೆನಪಿರ್ತೈತೇನಯ್ಯಾ?"

"ಉಚ್ಚೆ ಗಿಚ್ಚೆ ಉಯ್ದ್ಯಾ ಅಂತ?"

ತಿಪ್ಪೇಶ ನಕ್ಕ. ಕತ್ತಿ ಜಾರಿತು. ಮೂವತ್ತು ವರ್ಷ ಅಡಗಿದ್ದ ಮಚ್ಚೆ ಹೊರಬಂದು ಅರ್ಧ ನಿಮಿಷವೂ ಬಾಳಲಿಲ್ಲ. ರಕ್ತ ನಿಲ್ಲದೆ ಸಣ್ಣರಂಗಯ್ಯ ಅದರ ಮೇಲೆ ಅಗಲವಾದ ಪ್ಲಾಸ್ಟರ್ ಅಂಟಿಸಿದ. ಕನ್ನಡಿಯಲ್ಲಿ ಕಂಡ ಮುಖ ಸುಲಿದ ಆಲೂಗಡ್ಡೆಗೆ ಅಂಚೆ ಚೀಟಿ ಹಚ್ಚಿದಂತಿತ್ತು.

ಮನೆಗೆ ಬಂದರೆ ನಾಗರತ್ನಮ್ಮನದು ಬೇರೆಯೇ ರಾಗ. "ಮಂಡಿ ನೋವು ಕಣ್ಲಾ. ನಾನ್ ಬರಲ್ಲ. ನೀನೂ ಹೋಗ್ಬೇಡ."

"ಅವ್ವಾ, ನೀನೇ ಪರದೆ ಮ್ಯಾಲೆ ಬರ್ತೀಯ! ನೋಡೋ ಆಸೆ ಇಲ್ವಾ?"

"ಹಳೇದೆಲ್ಲ ಯಾಕ್ ಕೆದಕ್ತೀಯ? ಬುಡು ಅತ್ಲಾಗೆ."

ತಿಪ್ಪೇಶನಿಗೆ ಇದು ವಿಚಿತ್ರವೆನಿಸಿತು. ಆದರೆ ಅವ್ವನ ಅಂಜಿಕೆ ಹೊಸದಲ್ಲ. ಇವನಿಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ಆದ್ದರಿಂದ ಇವನು ಹುಟ್ಟಿದೊಡನೆ ತಿಪ್ಪೆಯ ಮೇಲೆ ಉರುಳಿಸಿ, ಯಮನಿಗೂ ಬೇಡದ ಮಾಲೆನಿಸಲಿ ಎಂದು ತಿಪ್ಪೇಶನೆಂದು ಹೆಸರಿಟ್ಟಿದ್ದಳು. ಹೊಸ ಅಂಗಿ ತೊಟ್ಟರೆ ಈಗಲೂ ದೃಷ್ಟಿ ತೆಗೆಯುತ್ತಾಳೆ. ಅಂಥವಳಿಗೆ ಸಭೆಯೆಂದರೆ ಭಯವಿರಬಹುದು ಎಂದುಕೊಂಡು ಕಲ್ಯಾಣ ಮಂಟಪಕ್ಕೆ ಹೋದ.

ಇಸ್ರಾರ್ ಪ್ರೊಜೆಕ್ಟರಿನ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದ.

"ಇಸ್ರಾರ್ ಭಾಯ್, ಆ ಒಂದು ತುಣುಕು ಈಗ್ಲೇ ತೋರ್ಸು. ಬರೀ ಮುಖ ನೋಡ್ಕೊಂಡು ಹೋಗ್ತೀನಿ."

"ಅರೆ ತಿಪ್ಪೇಶ್ ಭಾಯ್, ಸಬರ್, ಸ್ವಲ್ಪ ತಾಳು! ಈ ರೀಲು ನಮ್ಮ ಅಬ್ಬಾಜಾನ್ ಕಾಲದ್ದು. ಒಂದೇ ಸಲ ಓಡೋ ದಮ್ ಇರೋದು. ಎರಡು ಸಲ ಓಡ್ಸಿದ್ರೆ ಪುಡಿಪುಡಿ." ಪ್ಲಾಸ್ಟರ್ ನೋಡಿ, "ಮುಖಕ್ಕೇನಾಯ್ತು, ಪ್ರಭುದೇವ್ ಕಡೆಯೋರು ಹೊಡೆದ್ರಾ?" ಎಂದ.

ಸಂಜೆಯ ಹೊತ್ತಿಗೆ ಈ ಮಾತು ಊರೆಲ್ಲ ಹಬ್ಬಿತ್ತು. ಪುರವರದಿಂದ ಟೆಂಪೋ ತುಂಬ ನೆಂಟರನ್ನು ತಂದಿದ್ದ ಪ್ರಭುದೇವ, "ನಾನ್ ಮುಟ್ಟೇ ಇಲ್ಲ ಸ್ವಾಮಿ!" ಎಂದು ಕಂಡಕಂಡವರ ಮುಂದೆ ಆಣೆಯಿಡುತ್ತಿದ್ದ. ರುದ್ರಮುನಿ ಆಟೋ ಕಳಿಸಿ ನಾಗರತ್ನಮ್ಮನನ್ನು ಕರೆಸಿಯೇಬಿಟ್ಟ. ಆಕೆ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಸೊಸೆಯ ಹಿಂದೆ ಕೂತಳು.

ದೀಪ ಆರಿತು. ಬೆಟ್ಟ ಬಂತು, ಶಿಳ್ಳೆ ಬಿತ್ತು. ರಾಜ ಬಂದ, ಕುದುರೆ ಬಂತು. ಆಮೇಲೆ ಜನರ ನಡುವಿಂದ ತೆಳ್ಳನೆಯ ಹುಡುಗಿಯೊಬ್ಬಳು ಬಂದಳು. "ನಾಗರತ್ನಮ್ಮ! ಅದೇ ಮೂಗು!" ಎಂದು ಹೆಂಗಸರು ಕೂಗಿದರು. ಅವಳು ಕೂಸನ್ನು ಮೇಲೆತ್ತಿದಳು. ಪರದೆಯ ತುಂಬ ಕೂಸಿನ ಮುಖ. ಎಡಗೆನ್ನೆಯ ಮೇಲೆ ಸರಿಯಾಗಿ ಮಚ್ಚೆಯ ಜಾಗದಲ್ಲಿ, ನಾಲ್ಕಾಣೆಯಷ್ಟಗಲ ಕಾಡಿಗೆಯ ದೃಷ್ಟಿಬೊಟ್ಟು.

"ಬೊಟ್ಟಿನ ಕೆಳಗೈತೆ ನನ್ ಮಚ್ಚೆ!" ಎಂದು ತಿಪ್ಪೇಶ ಎದ್ದ.

"ಪ್ಲಾಸ್ಟರ್ ಕೆಳಗೂ ಇಲ್ಲ, ಬೊಟ್ಟಿನ ಕೆಳಗೂ ಇಲ್ಲ!" ಎಂದು ಪುರವರದವರು ಎದ್ದರು.

ಗದ್ದಲ ಅಡಗಿಸಲು ರುದ್ರಮುನಿ ಪರದೆಯ ಮುಂದೆ ಬಂದು ಬಲಗೈ ಎತ್ತಿದ. ಪ್ರೊಜೆಕ್ಟರಿನ ಬೆಳಕಿಗೆ ಅವನ ಕೈಯ ನೆರಳು ಪರದೆಯ ಮೇಲೆ ಬಿತ್ತು. ಅದೇ ಗಳಿಗೆಯಲ್ಲಿ ಕೂಸೂ ಬಟ್ಟೆಯೊಳಗಿಂದ ಬಲಗೈ ಹೊರಗೆ ಹಾಕಿ ಬೆರಳು ಬಿಡಿಸಿತು.

ಒಂದು, ಎರಡು, ಮೂರು, ನಾಲ್ಕು, ಐದು, ಆರು.

ಪದ್ಯ ಓದುವವರು ರಾಗ ಎಳೆದು ನಿಲ್ಲಿಸಿದಾಗ ಅರ್ಥಕ್ಕಾಗಿ ಕಾಯುವ ಕೇಳುಗರ ಹಾಗೆ ಇಡೀ ಸಭೆ ಕತ್ತು ಮುಂದಕ್ಕೆ ಚಾಚಿತು. ಕೂಸಿನ ಆರು ಬೆರಳು, ಪಕ್ಕದಲ್ಲೇ ನೆರಳಿನ ಆರು ಬೆರಳು. ಅಷ್ಟರಲ್ಲಿ ಪಟಾರೆಂದು ರೀಲು ತುಂಡಾಯಿತು.

"ಅವ್ವಾ..." ತಿಪ್ಪೇಶ ತಾಯಿಯ ಕಡೆ ತಿರುಗಿದ.

"ಏನ್ ಮಾಡ್ಲಪ್ಪ?" ನಾಗರತ್ನಮ್ಮ ಸೆರಗಿನೊಳಗಿಂದಲೇ ಹೇಳಿದಳು. "ಅಷ್ಟು ದೊಡ್ಡ ಕ್ಯಾಮರಾದ ಕಣ್ಣಿಗೆ ನಿನ್ನ ಕೊಟ್ಬುಡಕ್ಕಾಯ್ತದಾ? ರುದ್ರಮುನಿ ಅವ್ವ ಬಟ್ಟೆ ಒಗೆಯಕ್ಕೆ ಹೋಗ್ತಾ ಕೂಸ ನನ್ ಕೈಲಿ ಬುಟ್ಟೋಗಿದ್ಲು. ಅದನ್ನೇ ಎತ್ಕೊಂಡೋದೆ. ನಿನ್ನ ಮನೇಲಿ ಮೊರದಾಗೆ ಮಲಗ್ಸಿದ್ದೆ. ಆಮೇಲೆ ಊರೇ ನೀನು ಅಂದ್ರೆ ನಾನ್ಯಾಕೆ ಅಲ್ಲ ಅನ್ಲಿ?"

ರುದ್ರಮುನಿ ಒಂದು ನಿಮಿಷ ಕೈಯನ್ನು ಜೇಬಿಗೆ ತುರುಕಿಕೊಂಡಿದ್ದ. ಚಪ್ಪಾಳೆ ಬಿದ್ದದ್ದೇ ತಡ, ತೆಗೆದು ಎಲ್ಲರಿಗೂ ತೋರಿಸತೊಡಗಿದ. ಅಧ್ಯಕ್ಷನೇ ತನಗೆ ತಾನು ಶಾಲು ಹೊದ್ದುಕೊಳ್ಳುವಂತಿಲ್ಲವಲ್ಲ. "ಲೇ ತಿಪ್ಪೇಶ, ಬಾರ್ಲಾ, ನೀನೇ ಹೊದಿಸು!" ಎಂದ. ತಿಪ್ಪೇಶ ಹೊದಿಸಿದ. ಮೈಕಿನಲ್ಲಿ ಹೆಸರನ್ನೂ ಅವನೇ ಕೂಗಿದ, ಕೂಗುವುದು ಅವನ ಕೆಲಸವಲ್ಲವೇ? ಕಾಫಿಯ ಮೊದಲ ಲೋಟ ಆರು ಬೆರಳಿನ ಕೈಗೆ ಹೋಯಿತು.

"ನಮ್ಮಪ್ಪ ಕೊಟ್ಟಿದ್ದು ಸಿನಿಮಾದೋನಿಗೆ ಕಣ್ರೀ" ಎಂದಳು ಮಂಜುಶ್ರೀ, ಮನೆಯ ದಾರಿಯಲ್ಲಿ. "ಅಂಗ್ ನೋಡಿದ್ರೆ ನಾನು ಪಾತ್ರೆ ಅಂಗಡಿಗೆ ಹೋಗ್ಬೇಕಿತ್ತು."

ಮನೆ ಸೇರುತ್ತಲೇ ನಾಗರತ್ನಮ್ಮ ಹಿಡಿ ಉಪ್ಪು, ಏಳು ಒಣಮೆಣಸಿನಕಾಯಿ ತಂದಳು. "ಸಭೇಲಿ ನಿಂತಿದ್ಯಲ್ಲ, ಬಾ, ದೃಷ್ಟಿ ತೆಗೀತೀನಿ. ಕಣ್ಣು ಬಿದ್ದಿದ್ರೆ ಮೆಣಸಿನಕಾಯಿ ಸುಟ್ರೂ ಘಾಟು ಬರಲ್ಲ."

ಮೂರು ಸಲ ಇಳಿಸಿ, ನೀರೊಲೆಯ ಕೆಂಡಕ್ಕೆ ಹಾಕಿದಳು.

ಘಾಟು ಎದ್ದ ರಭಸಕ್ಕೆ ಮಂಜುಶ್ರೀ ಬೀದಿಗೆ ಓಡಿದಳು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ತಿಪ್ಪೇಶ ಕೆಮ್ಮಿದ ಹೊಡೆತಕ್ಕೆ ಕೆನ್ನೆಯ ಪ್ಲಾಸ್ಟರ್ ಕಿತ್ತುಬಂತು.

ನಾಗರತ್ನಮ್ಮ ಕಣ್ಣು ಮೂಗು ಒರೆಸಿಕೊಳ್ಳುತ್ತ, ಕೆಮ್ಮಿನ ನಡುವೆಯೇ ಮುಖ ಅರಳಿಸಿದಳು.

"ನೋಡ್ಲಾ ಮಗ! ಅಷ್ಟು ಜನದಾಗೆ ನಿನ್ ಮ್ಯಾಲೆ ಒಬ್ರ ಕಣ್ಣೂ ಬಿದ್ದಿಲ್ಲ!"